ಏರ್‌ಪೋರ್ಟಿಗೆ 15 ರೂಪಾಯಿ ರೈಲು, ವಾಯುವಜ್ರ, ಕ್ಯಾಬು: ಮೂರರಲ್ಲೂ ಓಡಾಡಿ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ರೈಲಿನ ಕಡೆಯವನು, ಚಿಕ್ಕವಯಸ್ಸಿಂದ ಹಿಡಿದಿರೋ ಹುಚ್ಚು ಇದು, ಅದ್ಕೇ ಕೆಳಗೆ ಬರೆದಿದ್ದನ್ನ ಸ್ವಲ್ಪ ಸೋಸ್ಕೊಂಡು ಓದಿ. ಕೆಲ್ಸ ದೇವನಹಳ್ಳಿ ಏರ್‌ಪೋರ್ಟಲ್ಲಿ, ಕಾರ್ಗೋ ಕಡೆ. ಮನೆ ಬೆಂಗ್ಳೂರಿನ ಓಕಳೀಪುರ. ಸಿಟಿ ರೈಲ್ವೇ ಸ್ಟೇಷನ್ನು ಮನೆಯಿಂದ ನಡ್ಕೊಂಡ್ ಹೋದ್ರೆ ಹತ್ತು ನಿಮಿಷ, ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು ಇನ್ನೊಂದೈದು ನಿಮಿಷ ಜಾಸ್ತಿ, ಕ್ಯಾಬು ಮನೆ ಬಾಗ್ಲಿಗೇ ಬರುತ್ತೆ. ಅಂದ್ರೆ ಹೋಲಿಕೆ ಮಾಡೋಕೆ ನನಗಿಂತ ಸರಿಯಾದ ಜಾಗದಲ್ಲಿ ಇರೋನು ಸಿಗೋದು ಕಷ್ಟ. ಯಾವುದಕ್ಕೂ ಆಟೋ ಹಿಡೀಬೇಕಾಗಿಲ್ಲ.

2021ರ ಜನವರಿ 4ನೇ ತಾರೀಕು ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ನು ಶುರುವಾಯ್ತಲ್ಲ, ಆಗ ನಮ್ಮ ಸೆಕ್ಷನ್ನಲ್ಲೆಲ್ಲ ಅದೇ ಮಾತು. ಹದಿನೈದು ರೂಪಾಯಿಗೆ ಏರ್‌ಪೋರ್ಟು! ಯಲಹಂಕದಿಂದ ಹತ್ತೇ ರೂಪಾಯಿ! ಟೀ ಅಂಗಡಿಯಲ್ಲಿ ಎರಡು ಟೀ ಕುಡಿದ್ರೆ ಅಷ್ಟಾಗುತ್ತೆ. ನಾನು ಅಷ್ಟೊತ್ತಿಗೆ ಬೈಕ್ ಮಾರ್ಕೊಂಡಿದ್ದೆ, ಸೊಂಟ ನೋವು, ದಿನಾ ಎಪ್ಪತ್ತು ಕಿಲೋಮೀಟರ್ ಆಗ್ತಿರ್ಲಿಲ್ಲ. ಸರಿ ಅಂತ ಫೆಬ್ರವರಿ, ಮಾರ್ಚ್ ಎರಡು ತಿಂಗಳು ಮೂರನ್ನೂ ಬದಲಾಯಿಸ್ಕೊಂಡು ಓಡಾಡ್ದೆ, ಒಂದು ಸಣ್ಣ ಡೈರಿಯಲ್ಲಿ ಹೊರಟ ಟೈಮು, ತಲುಪಿದ ಟೈಮು ಬರ್ಕೊಂಡೆ. ಏಪ್ರಿಲ್ ಕೊನೇಲಿ ಮತ್ತೆ ಲಾಕ್‌ಡೌನ್ ಆಯ್ತು, ಡೈರಿ ಅಲ್ಲಿಗೇ ನಿಂತೋಯ್ತು. 2024ರಲ್ಲಿ ಮತ್ತೆ ನಾಲ್ಕೈದು ಸಲ ರೈಲಲ್ಲಿ ಹೋಗಿಬಂದೆ, ಬದಲಾಗಿದ್ಯಾ ನೋಡೋಣ ಅಂತ.

ಮೊದ್ಲು ವಾಯುವಜ್ರ, ಯಾಕಂದ್ರೆ ಅದ್ರಲ್ಲಿ ಹೇಳೋದು ಕಮ್ಮಿ. ಏರ್‌ಪೋರ್ಟು 2008ರ ಮೇ 24ಕ್ಕೆ ಶುರುವಾದಾಗಿಂದ ಇದೆ, ಎಸಿ ಬಸ್ಸು, ಮೆಜೆಸ್ಟಿಕ್‌ನಿಂದ ಕೆಐಎ-9 ನಂಬರಿನದು. ಆಗ ದುಡ್ಡು ಇನ್ನೂರೈವತ್ತರ ಆಸುಪಾಸು, ಪಾಸ್ ಮಾಡಿಸ್ಕೊಂಡ್ರೆ ಕಮ್ಮಿ ಬೀಳುತ್ತೆ. ಲಗೇಜ್ ಇಡೋಕೆ ಒಳಗೇ ಕಬ್ಬಿಣದ ರ‍್ಯಾಕ್, ಕೂತ್ರೆ ನಿದ್ದೆ ಗ್ಯಾರಂಟಿ. ಬೆಳಗಿನ ಜಾವ ಆದ್ರೆ ಐವತ್ತು ನಿಮಿಷ, ಒಂದೊಂದ್ಸಲ ಅದಕ್ಕೂ ಕಮ್ಮಿ. ಸಂಜೆ ವಾಪಸ್ ಬರೋವಾಗ ಮಾತ್ರ ದೇವ್ರೇ ಗತಿ, ಸಾದಹಳ್ಳಿ ಟೋಲು ದಾಟಿ ಹೆಬ್ಬಾಳದವರೆಗೂ ಜುಮ್ಮಂತ ಬರುತ್ತೆ, ಆಮೇಲೆ ಹೆಬ್ಬಾಳ ಫ್ಲೈಓವರ್ ಬುಡದಲ್ಲಿ ಕೂತ್ಕೊಂಡು ಕೆರೆ ನೋಡ್ತಾ ಇರಬೇಕು, ಮೇಖ್ರಿ ಸರ್ಕಲ್ ಬರೋಷ್ಟರಲ್ಲಿ ಇನ್ನೊಂದು ಶಿಫ್ಟ್ ಮಾಡಿದಷ್ಟು ಸುಸ್ತು. ನನ್ನ ಡೈರಿಯಲ್ಲಿ ಅತಿ ಕೆಟ್ಟ ದಿನ ಎರಡು ಗಂಟೆ ಹತ್ತು ನಿಮಿಷ, ಅವತ್ತು ಮಳೆ.

ಕ್ಯಾಬು ಇನ್ನೂ ಕಮ್ಮಿ ಹೇಳ್ಬೋದು. ಆಗ ಎಂಟ್ನೂರರಿಂದ ಸಾವಿರ, ಡಿಮ್ಯಾಂಡ್ ಇದ್ರೆ ಅದಕ್ಕೂ ಮೇಲೆ, ಅದೂ ಆ್ಯಪು ಯಾವ ಮೂಡಲ್ಲಿದೆ ಅನ್ನೋದರ ಮೇಲೆ. ಒಂದಿನ ಬೆಳಗಿನ ಜಾವ ನಾಲ್ಕೂಕಾಲಿಗೆ ಬುಕ್ ಮಾಡಿದ್ದು ಮೂರು ಜನ ಡ್ರೈವರು ಸಾಲಾಗಿ ಕ್ಯಾನ್ಸಲ್ ಮಾಡಿದ್ರು, ನಾಲ್ಕನೆಯವನು ಬಂದು 'ಸರ್ ಕ್ಯಾಶಾ, ಆನ್‌ಲೈನಾ' ಅಂತ ಕೇಳಿ ಆಮೇಲೆ ಡೋರ್ ಲಾಕ್ ತೆಗ್ದ. ಆದ್ರೂ ನಾಲ್ಕು ಜನ ಸೇರ್ಕೊಂಡು ಹೋದ್ರೆ ತಲೆಗೆ ಇನ್ನೂರೈವತ್ತು, ಬಸ್ಸಿನ ರೇಟೇ ಬಂತು. ಅಮ್ಮನ್ನ ಕರ್ಕೊಂಡು ಹೋಗೋದಿದ್ರೆ ನಾನೂ ಕ್ಯಾಬೇ ಮಾಡ್ತೀನಿ, ಅದ್ರಲ್ಲಿ ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ.

ಈಗ ರೈಲಿಗೆ ಬರ್ತೀನಿ.

ಸಿಟಿಯಿಂದ ಬೆಳಗಿನ ಜಾವ 4:45ಕ್ಕೆ ಬಿಟ್ಟು 5:50ಕ್ಕೆ ಏರ್‌ಪೋರ್ಟ್ ಹಾಲ್ಟು. ಮೊದಲ್ನೇ ದಿನ ಹೋಗಿದ್ದು ಅದೇ ಗಾಡಿ, ನನ್ನ ಆರೂವರೆ ಶಿಫ್ಟಿಗೆ ಹೇಳಿ ಮಾಡಿಸಿದ ಹಂಗಿತ್ತು. ಆಗ ಡೆಮು, ಡೀಸೆಲ್ ಎಂಜಿನ್ನು ಗುರ್ ಅಂತ ಸದ್ದು ಮಾಡ್ಕೊಂಡು, ಕಿಟಕಿಯಲ್ಲಿ ತಣ್ಣನೆ ಗಾಳಿ. ಯಲಹಂಕ ದಾಟಿದ್ಮೇಲೆ ಬೆಟ್ಟಹಲಸೂರು, ದೊಡ್ಡಜಾಲ, ಕತ್ತಲು ಕರಗ್ತಾ ದ್ರಾಕ್ಷಿ ತೋಟ, ಅದರ ಪಕ್ಕದಲ್ಲೇ ಲೇಔಟ್ ಬೋರ್ಡು. ಆಮೇಲೆ ಈ ಹೊಸಾ ಹಾಲ್ಟು, ನೀಟಾಗಿ ಕಟ್ಟಿದ್ದಾರೆ, ನಮ್ಮ ಕಡೆ ಹಾಲ್ಟ್ ಅಂದ್ರೆ ಒಂದು ಕಲ್ಲುಬೆಂಚು ಒಂದು ಬೇವಿನ ಮರ ಅಷ್ಟೇ, ಅದನ್ನ ನೋಡಿ ಬೆಳೆದವನಿಗೆ ಇದು ಅರಮನೆ. ಹೊರಗೆ ಬಂದ್ರೆ ಏರ್‌ಪೋರ್ಟಿನವರದೇ ಶಟಲ್ ಬಸ್ಸು, ಆಗ ಫ್ರೀ ಇತ್ತು. ಟರ್ಮಿನಲ್ಲು ಅಲ್ಲಿಂದ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇದೆ, ನಡೀತೀನಿ ಅಂದ್ರೆ ಆಗಲ್ಲ.

ಮೊದಲ ವಾರ ನಾನು ಮನೇಲಿ, ಸೆಕ್ಷನ್ನಲ್ಲಿ, ಟೀ ಅಂಗಡೀಲಿ ಎಲ್ರಿಗೂ ಉಪದೇಶ ಮಾಡ್ಕೊಂಡು ಓಡಾಡ್ದೆ, ಬಸ್ಸಿಗೆ ಇನ್ನೂರೈವತ್ತು ಸುರಿಯೋರು ಹುಚ್ಚರು ಅಂತ. ಎರಡ್ನೇ ವಾರ ಬೋಗಿಯಲ್ಲಿ ತಲೆ ಎಣಿಸೋಕೆ ಶುರು ಮಾಡ್ದೆ. ಏಳು ಜನ. ಇನ್ನೊಂದಿನ ಒಂಬತ್ತು. ಅದ್ರಲ್ಲಿ ಐದು ಜನ ಕುತ್ತಿಗೇಲಿ ಐಡಿ ಕಾರ್ಡ್ ನೇತಾಕ್ಕೊಂಡಿರೋರು, ಹೌಸ್‌ಕೀಪಿಂಗು, ಸೆಕ್ಯೂರಿಟಿ, ಲೋಡಿಂಗು. ಸೂಟ್‌ಕೇಸ್ ಹಿಡ್ಕೊಂಡ ನಿಜವಾದ ಪ್ಯಾಸೆಂಜರು ಅಂದ್ರೆ ಒಬ್ಬ ಹುಡ್ಗ, ಮೊದಲ್ನೇ ಸಲ ವಿಮಾನ ಹತ್ತೋನು, ಪಾಪ ಪ್ರತಿ ಸ್ಟೇಷನ್ನಲ್ಲೂ ಎದ್ದೆದ್ದು 'ಅಣ್ಣಾ ಇದೇನಾ' ಅಂತ ಕೇಳ್ತಿದ್ದ.

ಯಾಕೆ ಬರಲ್ಲ ಜನ? ದುಡ್ಡಲ್ಲಿ ರೈಲನ್ನ ಯಾರೂ ಹೊಡಿಯೋಕಾಗಲ್ಲ. ಸುಸ್ತೂ ಇಲ್ಲ. ಟೈಮು ಬೆಳಗ್ಗೆ ಹೊತ್ತು ಬಸ್ಸಿಗಿಂತ ಹತ್ತು ಹದಿನೈದು ನಿಮಿಷ ಜಾಸ್ತಿ ಅಷ್ಟೇ. ನನಗೆ ಇದು ಅರ್ಥ ಆಗಿದ್ದು ರೈಲು ತಪ್ಪಿಸ್ಕೊಂಡ ದಿನ. ತಪ್ಪು ನನ್ದೇ, ಅಲಾರಂ ಆಫ್ ಮಾಡಿ ಐದು ನಿಮಿಷ ಅಂತ ಮಲಗಿದ್ದು, ಪ್ಲಾಟ್‌ಫಾರ್ಮಿಗೆ ಓಡಿ ಬಂದಾಗ ಕೆಂಪು ದೀಪ ದೂರ ಹೋಗ್ತಿತ್ತು. ಬಸ್ಸು ತಪ್ಪಿದ್ರೆ ಕಾಲು ಗಂಟೆ, ಅಬ್ಬಬ್ಬಾ ಅಂದ್ರೆ ಅರ್ಧ ಗಂಟೆ ಕಾಯ್ಬೇಕು. ಕ್ಯಾಬು ಕ್ಯಾನ್ಸಲ್ ಆದ್ರೆ ಇನ್ನೊಂದು. ರೈಲು ತಪ್ತಾ, ಮುಂದಿನ ರೈಲು ಹಿಡ್ಕೊಂಡು ಶಿಫ್ಟಿಗೆ ಹೋಗೋ ಮಾತೇ ಇಲ್ಲ. ಅವತ್ತು ಅಲ್ಲಿಂದ ಮೆಜೆಸ್ಟಿಕ್‌ಗೆ ಓಡಿ ಕೆಐಎ-9 ಹತ್ತಿ, ಅರ್ಧ ಗಂಟೆ ಲೇಟಾಗಿ ಹೋಗಿ ಸೂಪರ್‌ವೈಸರ್ ಕೈಲಿ ಉಗಿಸ್ಕೊಂಡೆ. ನಾನೇನೋ ನೌಕರ, ಉಗಿಸ್ಕೋಬೋದು. ಏಳು ಸಾವಿರ ಕೊಟ್ಟು ಡೆಲ್ಲಿ ಫ್ಲೈಟ್ ಬುಕ್ ಮಾಡಿರೋನು ಇನ್ನೂರು ಚಿಲ್ಲರೆ ಉಳಿಸೋಕೆ ಆ ರಿಸ್ಕ್ ಯಾಕ್ ತಗೋತಾನೆ. ಟಿಕೆಟ್ಟಿಗೆ ಹದಿನೈದೇ ರೂಪಾಯಿ ಇರ್ಬೋದು, ತಪ್ಪಿದ್ರೆ ಬೀಳೋ ದಂಡ ಏಳು ಸಾವಿರ.

ಇನ್ನು ವಾಪಸ್ ಬರೋದು. ನನ್ನ ಶಿಫ್ಟು ಮಧ್ಯಾಹ್ನ ಮೂರಕ್ಕೆ ಮುಗಿಯುತ್ತೆ, ಸಂಜೆವರೆಗೂ ನನಗೆ ಆಗೋ ಗಾಡಿ ಇರ್ಲಿಲ್ಲ. ಮೂರು ಗಂಟೆ ಅಲ್ಲೇ ಕ್ಯಾಂಟೀನಲ್ಲಿ ಕೂತು ಕಾಯೋಕೆ ನಾನೇನು ರೈಲ್ವೇ ಅಳಿಯಾನಾ? ಹಾಗಾಗಿ ಹೋಗೋವಾಗ ರೈಲು, ಬರೋವಾಗ ಬಸ್ಸು. ಬಸ್ ಪಾಸು ಹೆಂಗಿದ್ರೂ ಮಾಡಿಸ್ಲೇಬೇಕು, ಪಾಸ್ ಇದ್ಮೇಲೆ ಬೆಳಗ್ಗೆ ಮಾತ್ರ ಯಾಕೆ ರೈಲು? ನೋಡಿ ಎಂಥಾ ಮಜಾ, ಹದಿನೈದು ರೂಪಾಯಿ ರೈಲು ನನಗೆ ಒಂದು ರೂಪಾಯೀನೂ ಉಳಿಸ್ಲಿಲ್ಲ. ಅದರ ಮೇಲೆ ಭಾನುವಾರ ಗಾಡೀನೇ ಇರ್ಲಿಲ್ಲ. ಏರ್‌ಪೋರ್ಟಿಗೆ ಭಾನುವಾರ ರಜಾ ಉಂಟಾ?

ಇನ್ನೊಂದು ವಿಷ್ಯ ಡೈರಿ ನೋಡಿದ್ಮೇಲೆ ಹೊಳೀತು. ರೈಲಿನ ದೊಡ್ಡ ಲಾಭ ಅಂದ್ರೆ ಹೆಬ್ಬಾಳದ ಜಾಮ್ ತಪ್ಪೋದು. ಆದ್ರೆ ನನಗೆ ಸಿಗ್ತಿದ್ದ ಗಾಡಿ ಬೆಳಗಿನ ಜಾವದ್ದು, ಆ ಹೊತ್ತಲ್ಲಿ ಹೆಬ್ಬಾಳದಲ್ಲಿ ನಾಯಿ ಮಲಗಿರುತ್ತೆ ರಸ್ತೆ ಮಧ್ಯ. ಜಾಮ್ ಇಲ್ದಾಗ ರೈಲು, ಜಾಮ್ ಇದ್ದಾಗ ಬಸ್ಸು, ಎರಡರಲ್ಲೂ ಕೆಟ್ಟದ್ದನ್ನೇ ಆರಿಸ್ಕೊಂಡ ಹಂಗಾಯ್ತು.

ಹಂಗಾದ್ರೆ ಜಾಸ್ತಿ ಗಾಡಿ ಬಿಡಿ ಅಂತ ಹೇಳೋದು ಸುಲಭ. ಯಲಹಂಕದಿಂದಾಚೆ ಸಿಂಗಲ್ ಲೈನು, ಎದುರಿಂದ ಗಾಡಿ ಬಂದ್ರೆ ಯಾವ್ದಾದ್ರೂ ಸ್ಟೇಷನ್ನಲ್ಲಿ ಒಬ್ಬರು ನಿಲ್ಲಲೇಬೇಕು. ಸಿಟಿಯಿಂದ ಯಲಹಂಕದವರೆಗೆ ಎಕ್ಸ್‌ಪ್ರೆಸ್ಸು ಗೂಡ್ಸು ಎಲ್ಲ ಇರೋ ಲೈನು, ನಮ್ಮ ಡೆಮುಗೆ ಅಲ್ಲಿ ಕೊನೇ ಪಂಕ್ತಿ ಊಟ. ಹತ್ತು ನಿಮಿಷಕ್ಕೊಂದು ಬಿಡೋಕೆ ಅದು ಮೆಟ್ರೋ ಅಲ್ಲ, ಒಪ್ಕೋತೀನಿ. ಆದ್ರೆ ಗಂಟೆಗೊಂದು ಇದ್ದಿದ್ರೆ ಕಥೆ ಬೇರೆ ಇರ್ತಿತ್ತು ಅಂತ ಈಗ್ಲೂ ನನ್ನ ವಾದ. ಆಗಿದ್ದು ಉಲ್ಟಾ. ಬೋಗಿ ಖಾಲಿ ಅಂತ ಗಾಡಿ ಕಮ್ಮಿ ಮಾಡಿದ್ರು, ಗಾಡಿ ಕಮ್ಮಿ ಆಯ್ತು ಅಂತ ಇದ್ದ ಏಳು ಜನದಲ್ಲಿ ನಾಲ್ಕು ಜನ ಬಿಟ್ರು. ಜೊತೆಗೆ ಕೋವಿಡ್ ಟೈಮಲ್ಲಿ ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ ರೇಟು ಅಂತ ಮಾಡಿ ಹತ್ತು ರೂಪಾಯಿ ಮಿನಿಮಮ್ಮು ಮೂವತ್ತಾಯ್ತು, ಅದು ಮತ್ತೆ ಹತ್ತಕ್ಕೆ ಇಳಿದಿದ್ದು 2024ರಲ್ಲಿ. ಮೂವತ್ತು ದೊಡ್ಡ ದುಡ್ಡಲ್ಲ, ಆದ್ರೆ ಹೌಸ್‌ಕೀಪಿಂಗ್ ಮಾಡೋ ಅಕ್ಕಂದಿರಿಗೆ ದಿನಾ ಎರಡು ಹೊತ್ತು ಲೆಕ್ಕ ಹಾಕಿ ನೋಡಿ.

ಇದೆಲ್ಲ ನನಗೆ ಹೊಸದಲ್ಲ. ನಮ್ಮೂರು ಕೋಲಾರ. ಈ ಏರ್‌ಪೋರ್ಟ್ ಪಕ್ಕ ಹೋಗೋ ಲೈನೇ ಚಿಕ್ಕಬಳ್ಳಾಪುರ ದಾಟಿ ಕೋಲಾರಕ್ಕೆ, ಅಲ್ಲಿಂದ ಬಂಗಾರಪೇಟೆಗೆ ಹೋಗಿ ಸೇರುತ್ತೆ. ಶುರುವಲ್ಲಿ, ಅಂದ್ರೆ ನೂರು ವರ್ಷಕ್ಕೂ ಹಿಂದೆ, ಪೂರ್ತಿ ನ್ಯಾರೋ ಗೇಜು, ಅಂದ್ರೆ ಅಗಲ ಕಮ್ಮಿ ಇರೋ ಹಳಿ. ಬ್ರಾಡ್ ಗೇಜ್ ಮಾಡೋಕೆ ತುಂಡು ತುಂಡಾಗಿ ಹಿಡಿದ್ರು, ಕೋಲಾರ ಚಿಕ್ಕಬಳ್ಳಾಪುರದ ತುಂಡು ಮುಗಿದಿದ್ದು 2013ರಲ್ಲಿ. ಅಲ್ಲಿವರೆಗೂ ಬಂಗಾರಪೇಟೆ ಕೋಲಾರ ನಡುವೆ ರೈಲ್‌ಬಸ್ ಅಂತ ಓಡ್ತಿತ್ತು, ಹೆಸರಿಗೆ ತಕ್ಕ ಹಾಗೆ ಬಸ್ಸನ್ನ ಹಳಿ ಮೇಲೆ ಇಟ್ಟ ಹಂಗೆ. ನಾನು ಸ್ಕೂಲಲ್ಲಿದ್ದಾಗ ಅಜ್ಜಿ ಜೊತೆ ಅದರಲ್ಲಿ ಹೋಗ್ತಿದ್ದೆ, ಅಜ್ಜಿಗೆ ಬಸ್ಸಲ್ಲಿ ವಾಂತಿ ಬರ್ತಿತ್ತು, ಅದೊಂದೇ ಕಾರಣ. ಮಿಕ್ಕವರೆಲ್ಲ ಪ್ರೈವೇಟ್ ಬಸ್ಸು, ಯಾಕಂದ್ರೆ ಬಂಗಾರಪೇಟೆ ಸರ್ಕಲ್ಲಲ್ಲಿ ನಿಂತು ಕೈ ಎತ್ತಿದ್ರೆ ಬಸ್ಸು, ಒಂದು ಹೋದ್ರೆ ಹಿಂದೆ ಇನ್ನೊಂದು. ಈಗ ಕೂತು ಯೋಚ್ನೆ ಮಾಡಿದ್ರೆ ಅಜ್ಜಿ ಮೊಮ್ಮಗ ಇಬ್ರೂ ಒಂದೇ ಲೈನಿನ ಎರಡು ತುದೀಲಿ ಖಾಲಿ ಗಾಡಿ ಹತ್ಕೊಂಡು ಕೂತಿದ್ವಿ.

ಹೊಟ್ಟೆ ಉರಿಯೋದು ಎಲ್ಲಿ ಅಂದ್ರೆ, ಏರ್‌ಪೋರ್ಟ್ ಬರೋ ಎಷ್ಟೋ ವರ್ಷ ಮೊದಲೇ ಈ ಹಳಿ ಅಲ್ಲಿತ್ತು. ಏರ್‌ಪೋರ್ಟ್ ಶುರುವಾಗಿ ಹನ್ನೆರಡು ವರ್ಷ ದಾಟೋವರೆಗೂ ಅಲ್ಲೊಂದು ಹಾಲ್ಟ್ ಇರ್ಲಿಲ್ಲ, ರೈಲು ಪಕ್ಕದಲ್ಲೇ ಕೂಗ್ಕೊಂಡು ಹೋಗೋದು. ಆ ಹನ್ನೆರಡು ವರ್ಷದಲ್ಲಿ ಜನಕ್ಕೆ ವಾಯುವಜ್ರ ಅಭ್ಯಾಸ ಆಯ್ತು, ಆಮೇಲೆ ಕ್ಯಾಬ್ ಆ್ಯಪು ಬಂತು. ಬಿಡಿ.

2024ರಲ್ಲಿ ಹೋದಾಗ ಕರೆಂಟ್ ಗಾಡಿ, ಮೆಮು, ಸದ್ದು ಕಮ್ಮಿ, ಪಿಕಪ್ ಚೆನ್ನಾಗಿದೆ. ಬೋಗೀಲಿ ಜನ ಇದ್ರು, ಆದ್ರೆ ಹಾಲ್ಟಲ್ಲಿ ಇಳಿದಿದ್ದು ನಾನು ಮತ್ತೆ ಇನ್ನು ಮೂರು ಜನ. ಮಿಕ್ಕವರು ದೇವನಹಳ್ಳಿ, ಚಿಕ್ಕಬಳ್ಳಾಪುರದವರು, ಹೂವಿನ ಮೂಟೆ, ಕಾಲೇಜ್ ಹುಡುಗ್ರು. ಅವರಿಗೆ ಈ ಲೈನು ಬೇಕೇ ಬೇಕು, ಏರ್‌ಪೋರ್ಟ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ.

ಯಾರಿಗೆ ಯಾವ್ದು ಅಂತ ಕೇಳಿದ್ರೆ: ಯಲಹಂಕ, ದೊಡ್ಡಜಾಲ ಕಡೆ ಮನೆ ಇದ್ದು, ಏರ್‌ಪೋರ್ಟಲ್ಲಿ ಕೆಲ್ಸ ಇದ್ದು, ಶಿಫ್ಟು ಗಾಡಿ ಟೈಮಿಗೆ ಹೊಂದುತ್ತೆ ಅಂದ್ರೆ ಕಣ್ಮುಚ್ಕೊಂಡು ರೈಲು. ಫ್ಲೈಟ್ ಹಿಡಿಯೋರು, ಒಬ್ಬರೇ ಇದ್ರೆ, ವಾಯುವಜ್ರ. ಮಧ್ಯಾಹ್ನ ಫ್ಲೈಟು, ಕೈಲಿ ಒಂದೇ ಬ್ಯಾಗು, ಎರಡು ಗಂಟೆ ಮುಂಚೆ ಹೋಗಿ ಕೂರೋಕೆ ಬೇಜಾರಿಲ್ಲ ಅಂದ್ರೆ ರೈಲು ಒಂದ್ಸಲ ಟ್ರೈ ಮಾಡಿ, ಆದ್ರೆ ಹಿಂದಿನ ದಿನವೇ ಆ ಗಾಡಿ ಇದ್ಯಾ ಅಂತ ಆ್ಯಪಲ್ಲಿ ನೋಡ್ಕೊಳ್ಳಿ, ಹಾಲ್ಟಲ್ಲಿ ಶಟಲ್ ಬಸ್ಸಿನ ವಿಷ್ಯಾನೂ ಕೇಳ್ಕೊಳ್ಳಿ. ಸಂಸಾರ, ಮಕ್ಕಳು, ನಾಲ್ಕು ಸೂಟ್‌ಕೇಸು, ಉಪ್ಪಿನಕಾಯಿ ಡಬ್ಬ ಅಂದ್ರೆ ಕ್ಯಾಬು, ಅದರಲ್ಲಿ ಚರ್ಚೆ ಇಲ್ಲ.

ಸಬರ್ಬನ್ ರೈಲು ಯೋಜನೆಯವರು ಸಿಟಿಯಿಂದ ದೇವನಹಳ್ಳಿಗೆ ಸಂಪಿಗೆ ಅಂತ ಒಂದು ಲೈನ್ ಹೆಸರಿಟ್ಟಿದ್ದಾರೆ, ಆ ಕಡೆ ಕೆ.ಆರ್. ಪುರದಿಂದ ಮೆಟ್ರೋ ಕಂಬ ಏಳ್ತಾ ಇದೆ. ಬಂದಾಗ ಡೈರಿ ಮತ್ತೆ ತೆಗೀತೀನಿ. ಸದ್ಯಕ್ಕೆ ನನ್ನ ಹತ್ರ ಬಸ್ ಪಾಸಿದೆ, ಬೆಳಗಿನ ಜಾವ ಬೇಗ ಎಚ್ಚರ ಆದ ದಿನ ಮಾತ್ರ ಓಕಳೀಪುರದ ಕಡೆ ಗೇಟಿಂದ ಒಳಗೆ ಹೋಗಿ ಬೋರ್ಡಲ್ಲಿ ಗಾಡಿ ಹೆಸರಿದ್ಯಾ ನೋಡ್ತೀನಿ, ಇದ್ರೆ ಹತ್ತುತ್ತೀನಿ, ಇಲ್ಲಾಂದ್ರೆ ಸಬ್‌ವೇ ದಾಟಿ ಕೆಐಎ-9.