‘ಕ್ಯಾಬಿನ್ ಸೈಜ್’ ಅಂತ ಹೇಳಿ ಟ್ರಾಲಿ ಬ್ಯಾಗ್ ಮಾರಿದರು, ಗೇಟಿನಲ್ಲಿ ಮಾನ ಹೋಯಿತು

ಚಿಕ್ಕಪೇಟೆಯಲ್ಲಿ ಬ್ಯಾಗ್ ತಗೊಳ್ಳುವವರು ದಯವಿಟ್ಟು ಓದಿ. ಬರೆಯೋಕೂ ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ದೆಹಲಿಯಲ್ಲಿರುವ ಮಗಳ ಮನೆಗೆ ಹೊರಟಿದ್ದೆವು. ಅಂಗಡಿಯವನಿಗೆ ಮೂರು ಸಲ ಕೇಳಿದೆ, ‘ವಿಮಾನದ ಒಳಗೆ ಬಿಡ್ತಾರಾ?’ ಅಂತ. ‘20 ಇಂಚು ಮೇಡಂ, ಪಕ್ಕಾ ಕ್ಯಾಬಿನ್ ಸೈಜ್. ಕಣ್ಮುಚ್ಚಿ ತಗೊಂಡ್ಹೋಗಿ’ ಅಂದ. ನಾನು ನಿಜವಾಗಿಯೂ ಕಣ್ಮುಚ್ಚಿಯೇ ತಗೊಂಡೆ. 3,200 ರೂಪಾಯಿ!

ಚೆಕ್-ಇನ್‌ನಲ್ಲಿ ಯಾರೂ ಕೇಳಲಿಲ್ಲ. ಸೆಕ್ಯುರಿಟಿಯೂ ಆಯಿತು. ವಿಮಾನ ಹತ್ತುವ ಗೇಟಿನ ಹತ್ತಿರ ಒಂದು ಹುಡುಗಿ ‘ಇದರಲ್ಲಿ ಇಡಿ’ ಅಂತ ಅಳತೆಯ ಚೌಕಟ್ಟು ತೋರಿಸಿದಳು. ಚಕ್ರ ಹೊರಗೇ ನಿಂತಿತು. ಒತ್ತಿದೆ, ತಿರುಗಿಸಿದೆ, ಮತ್ತೆ ಒತ್ತಿದೆ. ಹಿಂದೆ ಇಡೀ ಸಾಲು ನೋಡುತ್ತಿದೆ. ತೂಕ 9 ಕೆಜಿ ಬಂತು, ಒಳಗೆ ಬಿಡೋದು 7 ಕೆಜಿ ಮಾತ್ರ. ದುಡ್ಡು ಕಟ್ಟಿ, ಬ್ಯಾಗ್ ಕೆಳಗೆ, ವಿಮಾನದ ಸಾಮಾನಿನ ಜಾಗಕ್ಕೆ ಹೋಗುತ್ತೆ ಅಂದರು. ‘ಪವರ್ ಬ್ಯಾಂಕ್ ಇದ್ದರೆ ತೆಗೆದುಕೊಳ್ಳಿ, ಕೆಳಗೆ ಹಾಕೋ ಹಾಗಿಲ್ಲ.’ ಅದು ಇದ್ದದ್ದು ತಳದಲ್ಲಿ! ಎಲ್ಲರ ಎದುರಿಗೆ ಬ್ಯಾಗ್ ಬಿಚ್ಚಿದೆ. ಚಕ್ಕುಲಿ ಡಬ್ಬಿ, ಲಂಗ, ನಮ್ಮವರ ಬನಿಯನ್ ಎಲ್ಲಾ ನೆಲದ ಮೇಲೆ. ನಮ್ಮವರು ಮಾತ್ರ ಯಾರೋ ಪರಿಚಯ ಇಲ್ಲದವರ ಹಾಗೆ ಆ ಕಡೆ ನಿಂತಿದ್ದರು.

ವಾಪಸ್ ಬಂದು ಟೇಪ್ ಹಿಡಿದೆ. ಚಕ್ರ, ಹಿಡಿ ಸೇರಿ 58 ಸೆಂ.ಮೀ. ನಮ್ಮ ಟಿಕೆಟ್‌ನಲ್ಲಿ ಬರೆದಿದ್ದದ್ದು 55. ಖಾಲಿ ಬ್ಯಾಗೇ ಮೂರೂವರೆ ಕೆಜಿ! 7 ಕೆಜಿಯಲ್ಲಿ ಅರ್ಧ ಅದಕ್ಕೇ ಹೋದರೆ ಸೀರೆ ಎಲ್ಲಿ ಇಡೋದು?

ಅಂಗಡಿಗೆ ಹೋದೆ. ಅವನ ಉತ್ತರ ಕೇಳಿ. ‘20 ಇಂಚು ಅಂದ್ರೆ ಬಾಡಿ ಮೇಡಂ. ಚಕ್ರ ಯಾರು ಅಳೀತಾರೆ?’ ವಿಮಾನದವರು ಅಳೀತಾರಪ್ಪ, ಅವರೇ ಅಳೀತಾರೆ! ‘ನೀವು ಜಾಸ್ತಿ ತುಂಬಿಸಿದ್ರೆ ನಾನೇನು ಮಾಡ್ಲಿ?’ ಅಂತ ಬೇರೆ. ‘ಕ್ಯಾಬಿನ್ ಸೈಜ್ ಅಂತ ನೀವೇ ಹೇಳಿದ್ರಲ್ವಾ?’ ಅಂದರೆ, ‘ಎಲ್ಲರೂ ಹಾಗೇ ಹೇಳ್ತಾರೆ’ ಅಂತೆ. ಬಿಲ್ ತಿರುಗಿಸಿ, ಮಾರಿದ ಮಾಲು ವಾಪಸ್ ಇಲ್ಲ ಅನ್ನೋ ಸಾಲು ತೋರಿಸಿದ.

ಟೇಪ್ ತಗೊಂಡೇ ಅಂಗಡಿಗೆ ಹೋಗಿ. ಚಕ್ರದಿಂದ ಹಿಡಿಯ ತುದಿವರೆಗೆ ಅಳೆಯಿರಿ. ಖಾಲಿ ಬ್ಯಾಗ್ ತೂಗಿಸಿ. ಅಗಲ ಮಾಡುವ ಜಿಪ್ ಇದ್ದರೆ ಅದನ್ನು ಮುಟ್ಟಲೇಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲಿ ಇಟ್ಟುಕೊಳ್ಳಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಹೊರಡುವಾಗ ಅವನು ಹಿಂದಿನಿಂದ ಕೂಗಿದ, ‘ಬೇಜಾರು ಮಾಡ್ಕೋಬೇಡಿ ಮೇಡಂ, ಬ್ಯಾಗ್‌ಗೆ ಒಂದು ಕವರ್ ಫ್ರೀ ಕೊಡ್ತೀನಿ.’ ಕವರ್ ಹಾಕಿದರೆ ಅದು ಇನ್ನೂ ದಪ್ಪ ಆಗುತ್ತೆ, ಅಲ್ವಾ?