ಬ್ಲೇರ್ ವಿಚ್ ಪ್ರಾಜೆಕ್ಟ್: ಕ್ಯಾಮೆರಾ ಹಿಡಿಯುವವರು ನೋಡಲೇಬೇಕಾದ ಸಿನಿಮಾ

ದೆವ್ವದ ಸಿನಿಮಾ ಅಂತಾರೆ, ದೆವ್ವ ಒಂದು ಸಲವೂ ಕಾಣಿಸಿಕೊಳ್ಳುವುದಿಲ್ಲ. ಬಿಳಿ ಸೀರೆ ಇಲ್ಲ, ಮಂತ್ರವಾದಿ ಇಲ್ಲ, ಬೆಚ್ಚಿಬೀಳಿಸುವ ಹಿನ್ನೆಲೆ ಸಂಗೀತವೂ ಇಲ್ಲ. ಇರುವುದು ಮೂವರು ಹರೆಯದವರು, ಎರಡು ಕ್ಯಾಮೆರಾ, ಒಂದು ಕಾಡು. 1999ರಲ್ಲಿ ಬಂದ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಬರೀ 81 ನಿಮಿಷದ್ದು. ಮಂಡ್ಯದಲ್ಲಿ ಮದುವೆ ವಿಡಿಯೋ ತೆಗೆದು ಬದುಕುವ ನನಗೆ ಇದಕ್ಕಿಂತ ಭಯ ಹುಟ್ಟಿಸಿದ ಸಿನಿಮಾ ಇನ್ನೊಂದಿಲ್ಲ. ಈ ಆಷಾಢದಲ್ಲಿ ಮುಹೂರ್ತಗಳಿಲ್ಲದೆ ಕೈ ಖಾಲಿ ಇದ್ದಾಗ ಸ್ಟುಡಿಯೋ ಹುಡುಗರನ್ನೆಲ್ಲ ಕೂರಿಸಿಕೊಂಡು ಮತ್ತೆ ನೋಡಿದೆ. ಶುರುವಾಗಿ ಸ್ವಲ್ಪ ಹೊತ್ತಿಗೇ ಒಬ್ಬ ಕೇಳಿದ, “ಅಣ್ಣ, ಕ್ಯಾಮೆರಾ ಯಾಕಿಂಗೆ ಕುಣೀತೈತೆ? ಸ್ಟ್ಯಾಂಡ್ ಇರ್ನಿಲ್ವಾ ಇವ್ರತ್ರ?” ಕೊನೆಯ ಅರ್ಧ ಗಂಟೆ ಅವನ ಬಾಯಲ್ಲಿ ಮಾತೇ ಇರಲಿಲ್ಲ.

1994ರ ಅಕ್ಟೋಬರ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದ ಬರ್ಕಿಟ್ಸ್‌ವಿಲ್ ಎಂಬ ಊರಿನ ಪಕ್ಕದ ಕಾಡಿನಲ್ಲಿ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ಮೂವರು ವಿದ್ಯಾರ್ಥಿಗಳು ಕಾಣೆಯಾದರು, ವರ್ಷದ ಮೇಲೆ ಅವರು ತೆಗೆದ ಫಿಲ್ಮು ಸಿಕ್ಕಿತು ಎಂದು ಮೊದಲೇ ಬರೆದು ತೋರಿಸುತ್ತಾರೆ. ಮುಂದೆ ನಾವು ನೋಡುವುದೆಲ್ಲ ಆ ತುಣುಕುಗಳನ್ನೇ. ಹೀದರ್ ಎಂಬ ಹುಡುಗಿ ಮುಂದಾಳು. ಅವಳ ಕೈಯಲ್ಲಿ ಬಣ್ಣದ ಹೈ-8 ವಿಡಿಯೋ ಕ್ಯಾಮೆರಾ. ಜೋಶ್ ಹತ್ತಿರ ಕಪ್ಪು-ಬಿಳುಪಿನ 16 ಎಂಎಂ ಫಿಲ್ಮ್ ಕ್ಯಾಮೆರಾ. ಮೈಕ್‌ನದು ಸೌಂಡು. ಆ ಕಾಡಿನ ಮಾಟಗಾತಿಯ ಕಥೆ ಹುಡುಕಿಕೊಂಡು ಹೊರಟವರು ಅವರು, ಆದರೆ ಹೊರಡುವಾಗಿನ ಹುಮ್ಮಸ್ಸು ಥೇಟ್ ರಜೆಗೆ ಹೊರಟವರದ್ದೇ. ಅಂಗಡಿಗೆ ಹೋಗಿ ತಿಂಡಿ ತುಂಬಿಕೊಳ್ಳುತ್ತಾರೆ, ಕಾರಿನಲ್ಲಿ ಒಬ್ಬರನ್ನೊಬ್ಬರು ರೇಗಿಸುತ್ತಾರೆ, ರಾತ್ರಿ ಒಂದೆರಡು ಪೆಗ್ಗೂ ಆಗುತ್ತದೆ. ಮಂಡ್ಯದಿಂದ ಮುತ್ತತ್ತಿಗೋ ಕುಂತಿಬೆಟ್ಟಕ್ಕೋ ಶನಿವಾರ ಹೊರಡುವ ನಮ್ಮ ಹುಡುಗರ ಗಲಾಟೆಯೂ ಇಷ್ಟೇ ತಾನೆ.

ಊರಿನವರನ್ನು ಮಾತಾಡಿಸುವ ಭಾಗ ನನಗೆ ತುಂಬ ಇಷ್ಟ. ಒಬ್ಬ ತಾಯಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಾಟಗಾತಿಯ ವಿಷಯ ಹೇಳುತ್ತಿದ್ದರೆ ಆ ಮಗು ಬೇಡ ಬೇಡ ಅಂತ ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿಯುತ್ತದೆ. ಹಾಗೆ ಮಾತಾಡಿದವರಲ್ಲಿ ಕೆಲವರು ನಿಜವಾಗಿಯೂ ಆ ಊರಿನವರು, ಇನ್ನು ಕೆಲವರು ನಿರ್ದೇಶಕರು ಮೊದಲೇ ತಂದಿಟ್ಟ ನಟರು. ಯಾರು ಯಾವ ಕಡೆಯವರು ಅಂತ ಈ ಮೂವರಿಗೂ ಹೇಳಿರಲಿಲ್ಲ. ಒಬ್ಬರ ಕಥೆ ಇನ್ನೊಬ್ಬರ ಕಥೆಗೆ ಹೊಂದುವುದಿಲ್ಲ. ಹಲಗೂರು ದಾಟಿ ಕಾಡಿನ ರಸ್ತೆಯಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿ ಕೇಳಿದರೂ ಹೀಗೇ. ಒಬ್ಬರು ಆನೆ ಅಟ್ಟಿಸಿಕೊಂಡು ಬಂದದ್ದು ಹೇಳುತ್ತಾರೆ, ಇನ್ನೊಬ್ಬರು ಕಾವೇರಿ ಸುಳಿಗೆ ಸಿಕ್ಕವರ ಸುದ್ದಿ ತೆಗೆಯುತ್ತಾರೆ, ಮೂರನೆಯವರು ಅದ್ಯಾವುದೂ ಅಲ್ಲ ಬುಡಿ ಅಂತ ತಮ್ಮದೇ ಶುರು ಮಾಡುತ್ತಾರೆ. ಹೊಂದದೆ ಇರುವುದರಿಂದಲೇ ಆ ಮಾತುಗಳಿಗೆ ಜೀವ. ಇಲ್ಲಿ ಕಿವಿಗೊಟ್ಟು ಕೇಳಿಸಿಕೊಳ್ಳಿ. ಆಗ ಒಬ್ಬರು ಹೇಳಿದ ಒಂದು ವಿವರ ನೆನಪಿದ್ದರೇ ಕೊನೆಯ ಶಾಟ್ ಎದೆಗೆ ನಾಟುವುದು. ಆ ಶಾಟ್ ಏನೆಂದು ನಾನಂತೂ ಹೇಳುವುದಿಲ್ಲ.

ಇನ್ನು ಬೆಳಕು. ಕ್ಯಾಮೆರಾ ಮೇಲೆ ಸಿಕ್ಕಿಸಿದ ಪುಟ್ಟ ಲೈಟು ಏನು ಮಾಡುತ್ತದೆ ಅಂತ ನಮ್ಮ ಕಸುಬಿನವರಿಗೆ ಗೊತ್ತು. ಹಳ್ಳಿ ಮನೆಯಲ್ಲಿ ಚಪ್ಪರದ ರಾತ್ರಿ ಕರೆಂಟು ಹೋದಾಗ ಬ್ಯಾಟರಿ ಲೈಟು ಹಾಕಿಕೊಂಡು ತೋಟದ ಕಡೆ ತಿರುಗಿ ನೋಡಿ. ನಾಲ್ಕು ಹೆಜ್ಜೆ ದೂರದ ಬಾಳೆಎಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಸುಡುತ್ತದೆ. ಅದರ ಹಿಂದಿನ ತೆಂಗಿನ ಮರ ಇಲ್ಲವೇ ಇಲ್ಲ. ಲೈಟು ಇಲ್ಲದಿದ್ದರೆ ಕಣ್ಣು ಕತ್ತಲಿಗೆ ಹೊಂದಿಕೊಂಡು ಏನೋ ಒಂದಿಷ್ಟು ಕಾಣುತ್ತಿತ್ತು. ಲೈಟು ಹಾಕಿದ್ದಕ್ಕೇ ಅದೂ ಹೋಯಿತು. ಈ ಸಿನಿಮಾ ಪೂರ್ತಿ ನಿಂತಿರುವುದು ಇದರ ಮೇಲೆ. ಒಂದು ರಾತ್ರಿ ಡೇರೆ ಅಲುಗಾಡಿ ಮೂವರೂ ಹೊರಗೆ ಓಡುತ್ತಾರೆ. ಹೀದರ್ ಓಡುತ್ತಾ ಪಕ್ಕಕ್ಕೆ ಏನನ್ನೋ ಕಂಡು ಅದೇನದು, ಅದೇನದು ಅಂತ ಕಿರುಚುತ್ತಾಳೆ. ಕ್ಯಾಮೆರಾ ಆ ಕಡೆ ತಿರುಗುವುದಿಲ್ಲ. ಜೀವ ಉಳಿಸಿಕೊಳ್ಳಲು ಓಡುವವಳು ಫ್ರೇಮ್ ಯಾಕೆ ನೋಡುತ್ತಾಳೆ? ಪರದೆಯ ಮೇಲೆ ಕುಣಿಯುವ ಕೊಂಬೆಗಳು, ಕತ್ತಲು, ಅವಳ ಉಸಿರು, ಅಷ್ಟೇ. ಅವಳು ಕಂಡದ್ದು ನಮಗೆ ಕಾಣದೆ ಉಳಿಯಿತು. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ಯಾವ ಭೂತವೂ ಇದರ ಮುಂದೆ ನಿಲ್ಲದು.

ಶಬ್ದದ ವಿಷಯವೂ ಹಾಗೇ. ರಾತ್ರಿ ದೂರದಲ್ಲಿ ಕಟ್ಟಿಗೆ ಮುರಿದ ಸದ್ದು, ಆಮೇಲೆ ಮಕ್ಕಳ ದನಿ. ನಿರ್ದೇಶಕರು ಕತ್ತಲಲ್ಲಿ ನಿಂತು ಟೇಪ್ ಹಾಕಿ ಕೇಳಿಸಿದ್ದು ಅದು. ಡೇರೆ ಅಲುಗಾಡಿಸಿದ್ದೂ ಅವರ ತಂಡವೇ. ಒಳಗಿದ್ದ ನಟರಿಗೆ ಏನೋ ಆಗುತ್ತದೆ ಅಂತ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ.

ಇದನ್ನು ತೆಗೆದ ರೀತಿಯೇ ಒಂದು ದೊಡ್ಡ ಕಥೆ. ಡೇನಿಯಲ್ ಮೈರಿಕ್, ಎಡ್ವಾರ್ಡೊ ಸ್ಯಾಂಚೆಜ್ ಎಂಬಿಬ್ಬರು ನಿರ್ದೇಶಕರು 1997ರ ಅಕ್ಟೋಬರ್‌ನಲ್ಲಿ 8 ದಿನ ಶೂಟಿಂಗ್ ಮಾಡಿದರು. ನಟರಾದ ಹೀದರ್ ಡೊನಾಹ್ಯೂ, ಜೋಶುವಾ ಲಿಯೊನಾರ್ಡ್, ಮೈಕಲ್ ವಿಲಿಯಮ್ಸ್ ತಮ್ಮ ಹೆಸರಿನಲ್ಲೇ ನಟಿಸಿದರು, ಕ್ಯಾಮೆರಾವನ್ನೂ ತಾವೇ ಹಿಡಿದರು. ಕೈಗೊಂದು ಜಿಪಿಎಸ್ ಕೊಟ್ಟು ಇಂಥ ಕಡೆ ಹೋಗಿ ಅಂತ ಕಳಿಸುತ್ತಿದ್ದರು. ಅಲ್ಲಿ ಡಬ್ಬಿಯೊಳಗೆ ಒಬ್ಬೊಬ್ಬರಿಗೆ ಬೇರೆ ಬೇರೆ ಚೀಟಿ. ಒಬ್ಬರದ್ದು ಇನ್ನೊಬ್ಬರು ನೋಡುವಂತಿಲ್ಲ. ಮಾತೆಲ್ಲ ಅವರೇ ಹುಟ್ಟಿಸಿಕೊಂಡದ್ದು. ದಿನ ಹೋದಂತೆ ಊಟ ಕಡಿಮೆ ಮಾಡುತ್ತಾ ಬಂದರು. ಕೊನೆಕೊನೆಗೆ ಅವರ ಕಣ್ಣಿನ ಕೆಳಗೆ ಕಾಣುವ ಕಪ್ಪು ಮೇಕಪ್ ಅಲ್ಲ. ಸುಮಾರು 20 ಗಂಟೆಯ ಫುಟೇಜಿನಲ್ಲಿ 81 ನಿಮಿಷ ಉಳಿಸಿಕೊಂಡಿದ್ದಾರೆ. ಎರಡು ದಿನದ ಮದುವೆಯ ಫುಟೇಜು ಮುಂದೆ ಹಾಕಿಕೊಂಡು ಯಾವುದು ಬಿಡಲಿ ಅಂತ ತಲೆ ಕೆರೆದುಕೊಂಡವರಿಗೆ ಈ ಎಡಿಟಿಂಗ್ ಎಂಥ ಕೆಲಸ ಅಂತ ಅರ್ಥವಾಗುತ್ತದೆ.

ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಮಾಟಗಾತಿಯಲ್ಲ, ಈ ಮೂವರ ಜಗಳ. ದಾರಿ ತಪ್ಪಿದೆ ಅಂತ ಒಪ್ಪಲು ಹೀದರ್ ತಯಾರಿಲ್ಲ. ಇಲ್ಲೇ ಹತ್ತಿರ, ನನಗೆ ಗೊತ್ತು, ಅನ್ನುತ್ತಲೇ ಇರುತ್ತಾಳೆ. ಒಂದು ಬೆಳಿಗ್ಗೆ ಮ್ಯಾಪ್ ಕಾಣೆ. ಹುಡುಕಿ ಹುಡುಕಿ ಸಾಕಾದ ಮೇಲೆ ಮೈಕ್ ನಗುತ್ತಾನೆ: ನಾನೇ ತೊರೆಗೆ ಒದ್ದೆ, ಆ ಮ್ಯಾಪಿನಿಂದ ಏನು ಉಪಯೋಗ ಇತ್ತು? ಆ ನಗು ಕೇಳಬೇಕು. ಸ್ನೇಹ ಅಲ್ಲಿಗೆ ಮುಗಿಯಿತು, ಆದರೂ ಒಂದೇ ಡೇರೆಯಲ್ಲಿ ಮಲಗಬೇಕು. ಇಡೀ ದಿನ ದಕ್ಷಿಣಕ್ಕೇ ನಡೆದು ಸಂಜೆ ನೋಡಿದರೆ ಅದೇ ತೊರೆ, ಅದೇ ಅಡ್ಡ ಬಿದ್ದ ಮರದ ದಿಮ್ಮಿ. ಅದನ್ನು ನೋಡಿದ ಹೀದರ್ ಮುಖದಲ್ಲಿ ಯಾವ ಕಿರುಚಾಟವೂ ಇಲ್ಲದ ಒಂದು ಸೋಲು ಇದೆ. ಡೇರೆಯ ಹೊರಗೆ ಯಾರೋ ಜೋಡಿಸಿಟ್ಟ ಕಲ್ಲಿನ ಗುಡ್ಡೆ, ಮರಗಳಿಗೆ ನೇತುಹಾಕಿದ ಕಡ್ಡಿಯ ಗೊಂಬೆಗಳಿಗಿಂತ ಅದು ನನಗೆ ಭಯಂಕರ.

ಇಷ್ಟಾದರೂ ಅವಳು ಕ್ಯಾಮೆರಾ ಕೆಳಗಿಡುವುದಿಲ್ಲ. ಯಾಕೆ ಅಂತ ಜೋಶ್ ಒಮ್ಮೆ ಹೇಳುತ್ತಾನೆ: ಇದರಲ್ಲಿ ಕಣ್ಣಿಟ್ಟರೆ ಎದುರಿಗಿರುವುದು ಪೂರ್ತಿ ನಿಜ ಅನ್ನಿಸುವುದಿಲ್ಲ. ಎಷ್ಟು ಸರಿಯಾದ ಮಾತು! ಛತ್ರದಲ್ಲಿ ಬೀಗರು ಕಾಲರ್ ಹಿಡಿದುಕೊಂಡು ನಿಂತಾಗಲೂ ಕಣ್ಣು ವ್ಯೂಫೈಂಡರ್‌ನಲ್ಲಿದ್ದರೆ ನಮ್ಮ ಕೈ ನಡುಗುವುದಿಲ್ಲ, ಫೋಕಸ್ ಸರಿಮಾಡುತ್ತಿರುತ್ತೇವೆ. ಮದುಮಗಳ ಅಪ್ಪ ಮೂಲೆಯಲ್ಲಿ ಅಳುತ್ತಿದ್ದರೆ ಹತ್ತಿರ ಹೋಗಿ ಸಮಾಧಾನ ಹೇಳುವ ಬದಲು ಜೂಮ್ ಮಾಡುತ್ತೇವೆ. ನಂತರ ಅದೇ ಜೋಶ್ ಕ್ಯಾಮೆರಾ ಕಿತ್ತುಕೊಂಡು ಅಳುತ್ತಿರುವ ಹೀದರ್ ಮುಖಕ್ಕೇ ಹಿಡಿದು ಚುಚ್ಚುತ್ತಾನೆ. ಯಾವ ಕ್ಯಾಮೆರಾಮನ್ನೂ ಇದನ್ನು ಆರಾಮಾಗಿ ಕೂತು ನೋಡಲಾರ.

ಹೀದರ್ ತನ್ನ ಮುಖಕ್ಕೇ ಕ್ಯಾಮೆರಾ ತಿರುಗಿಸಿಕೊಂಡು ಮೂವರ ತಾಯಂದಿರಲ್ಲೂ ಕ್ಷಮೆ ಕೇಳುವ ಶಾಟ್ ಬಹಳ ಪ್ರಸಿದ್ಧ. ಮುಖ ಅರ್ಧ ಫ್ರೇಮಿನ ಹೊರಗೆ. ಮೂಗು ಸೋರುತ್ತಿದೆ, ಕಣ್ಣೀರು, ಹಣೆಯ ಮೇಲೆ ಉಣ್ಣೆ ಟೋಪಿ. ಲೆಕ್ಕದ ಪ್ರಕಾರ ತಪ್ಪು ಫ್ರೇಮು. ನಮ್ಮ ಹುಡುಗ ಹಾಗೆ ತೆಗೆದುಕೊಂಡು ಬಂದರೆ ಬೈಯುತ್ತೇನೆ. ಇಲ್ಲಿ ಮಾತ್ರ ಸರಿಯಾದ ಫ್ರೇಮ್ ಅದೊಂದೇ.

ದೋಷ ಇಲ್ಲವೆಂದಲ್ಲ. ಕಾಡಿಗೆ ಹೋದ ಮೇಲೆ ಸ್ವಲ್ಪ ಹೊತ್ತು ನಡೆದದ್ದೇ ನಡೆದದ್ದು, ಅದೇ ಬೈಗುಳ ಮತ್ತೆ ಮತ್ತೆ. ಹತ್ತು ನಿಮಿಷ ಕತ್ತರಿಸಬಹುದಿತ್ತು. ಕ್ಯಾಮೆರಾ ಅಲುಗಾಟಕ್ಕೆ ಆಗ ಥಿಯೇಟರುಗಳಲ್ಲಿ ಜನಕ್ಕೆ ತಲೆ ಸುತ್ತಿ ವಾಂತಿಯಾದದ್ದೂ ನಿಜ.

ಕನ್ನಡದಲ್ಲಿ ಈ ದಾರಿ ಹಿಡಿದದ್ದು 2013ರ ‘6-5=2’. ಕೆ.ಎಸ್. ಅಶೋಕ ನಿರ್ದೇಶನದ ಆ ಚಿತ್ರದಲ್ಲೂ ಚಾರಣಕ್ಕೆ ಹೋದ ಗೆಳೆಯರು, ಅವರದ್ದೇ ಕ್ಯಾಮೆರಾ. ಮರುವರ್ಷ ಹಿಂದಿಗೂ ಹೋಯಿತು. ಸಣ್ಣ ಬಂಡವಾಳದಲ್ಲಿ, ನಮ್ಮ ಭಾಷೆಯಲ್ಲಿ ಅಂಥದ್ದೊಂದು ಮಾಡಿ ಜನರನ್ನು ಥಿಯೇಟರಿಗೆ ಕರೆತಂದ ಅವರ ಬಗ್ಗೆ ನನಗೆ ಹೆಮ್ಮೆಯಿದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿ. ಡ್ರೋನ್ ಬಾಡಿಗೆಗೆ ಕೊಡಿ, ಕುಂತಿಬೆಟ್ಟದಲ್ಲಿ ಹಾರರ್ ಶಾರ್ಟ್ ಫಿಲ್ಮ್ ತೆಗೀತೀವಿ ಅಂತ ಬರುವ ಹುಡುಗರಿಗೂ ನಾನು ಹೇಳುವುದು ಇದನ್ನೇ. ಡ್ರೋನ್ ದುಡ್ಡಿಗೆ ಒಳ್ಳೆಯ ಮೈಕ್ ತಗೊಳ್ಳಿ. ಮೇಲಿಂದ ತೋರಿಸಿದರೆ ಕಾಡಿನ ಅಂಚು ಕಾಣುತ್ತದೆ, ಅಂಚು ಕಂಡ ಕಾಡಿನಲ್ಲಿ ಯಾರಿಗೂ ಭಯವಾಗುವುದಿಲ್ಲ.

ಒಂದು ಮಾತು ದುಡ್ಡಿನ ಬಗ್ಗೆ. ಶೂಟಿಂಗಿಗೆ ಆದ ಖರ್ಚು 60,000 ಡಾಲರ್ ಆಸುಪಾಸು ಅಂತ ಹೇಳುತ್ತಾರೆ, ಗಳಿಸಿದ್ದು ಸುಮಾರು 25 ಕೋಟಿ ಡಾಲರ್. ಬಿಡುಗಡೆಗೆ ಮುಂಚೆ ‘ಕಾಣೆಯಾಗಿದ್ದಾರೆ’ ಅಂತ ಈ ಮೂವರ ಪೋಸ್ಟರ್ ಹಂಚಿದ್ದರು. ಇಂಟರ್ನೆಟ್ಟಿನಲ್ಲಿ ಇದೆಲ್ಲ ನಡೆದದ್ದೇ ಅನ್ನುವಂತೆ ದಾಖಲೆ ಹಾಕಿದ್ದರು. ಎಷ್ಟೋ ಜನ ನಂಬಿಬಿಟ್ಟು ಹೀದರ್‌ಳ ತಾಯಿಗೆ ಸಂತಾಪದ ಪತ್ರ ಬರೆದಿದ್ದರಂತೆ. ಸತ್ತಿದ್ದಾರೆ ಅಂತ ಜನ ನಂಬಿದ್ದ ನಟರು ಸಿನಿಮಾ ಗೆದ್ದಾಗ ಎದುರು ಬಂದು ಚಪ್ಪಾಳೆ ತೆಗೆದುಕೊಳ್ಳುವುದಾದರೂ ಹೇಗೆ? 2024ರಲ್ಲಿ ಮೂವರೂ ಹಕ್ಕು ಹೊಂದಿರುವ ಲಯನ್ಸ್‌ಗೇಟ್ ಕಂಪನಿಗೆ ಬಹಿರಂಗ ಪತ್ರ ಬರೆದು, ನಮಗೆ ಸಲ್ಲಬೇಕಾದ ಪಾಲು ಕೊಡಿ, ನಮ್ಮ ಹೆಸರು ಮುಖ ಬಳಸುವಾಗ ನಮ್ಮನ್ನೂ ಕೇಳಿ ಎಂದರು. ಅವರ ಪರವಾಗಿ ನಾನೂ ನಿಲ್ಲುತ್ತೇನೆ. ಹಸಿದುಕೊಂಡು, ನೆನೆದುಕೊಂಡು ಆ ಕ್ಯಾಮೆರಾ ಹೊತ್ತವರು ಅವರು.

ನೋಡುವುದಾದರೆ ಮೊಬೈಲಿನಲ್ಲಿ, ಬಸ್ಸಿನಲ್ಲಿ ನೋಡಬೇಡಿ. ರಾತ್ರಿ, ಲೈಟು ಆರಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಟಿವಿಯಿಂದ ಸ್ವಲ್ಪ ದೂರ ಕೂತು ನೋಡಿ. ತಲೆ ಸುತ್ತುವ ಕಾಯಿಲೆ ಇರುವವರು ಊಟ ಮಾಡಿದ ಕೂಡಲೇ ಕೂರಬೇಡಿ. ಬೈಗುಳ ವಿಪರೀತ, ಮಕ್ಕಳ ಮುಂದೆ ಹಾಕುವ ಸಿನಿಮಾ ಅಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆಯಾದದ್ದು ಆ ಹತ್ತು ನಿಮಿಷಕ್ಕೆ.