ಪಾಳಿ ಕಾಯೋದನ್ನು ಯಾವುದು ಕಲಿಸಿತು?

ನಮ್ಮ ಮಗಳಿಗೆ 5 ವರ್ಷ. ಮನೆಗೆ ಒಬ್ಬಳೇ. ಪಾರ್ಕಿನ ಜಾರುಬಂಡಿ ಹತ್ತಿರ ಸಾಲಿನಲ್ಲಿ ನಿಲ್ಲು ಅಂದರೆ ಆಗದು, ಮುಂದಿದ್ದವರನ್ನು ತಳ್ಳಿಯೇ ಹತ್ತಬೇಕು. ಬೇಸಿಗೆ ರಜೆಯಲ್ಲಿ ಟ್ಯಾಬ್ ಹೇಗೂ ಕೈಯಲ್ಲಿರುತ್ತಿತ್ತು. ಈ ಬುದ್ಧಿಯನ್ನೂ ಅದರಲ್ಲೇ ಕಲಿಸಬಹುದಾ ನೋಡೋಣ ಅಂತ ದಿನಕ್ಕೆ 20 ನಿಮಿಷ ಇಟ್ಟೆವು.

ಮೊದಲು ‘ಬ್ರೀದ್, ಥಿಂಕ್, ಡೂ’. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ಸೆಸಮಿ ಸ್ಟ್ರೀಟ್‌ನವರ ಆ್ಯಪ್. ನೀಲಿ ಬಣ್ಣದ ಮಾನ್‌ಸ್ಟರ್ ಮರಿಗೆ ಶೂ ಹಾಕಿಕೊಳ್ಳಲು ಬರದೆ ಸಿಟ್ಟು. ಹೊಟ್ಟೆ ಮುಟ್ಟಿದರೆ ಅದು ನಿಧಾನಕ್ಕೆ ಉಸಿರೆಳೆಯುತ್ತದೆ. ಗುಳ್ಳೆ ಒಡೆದರೆ ಉಪಾಯ ಸಿಗುತ್ತದೆ. ಸಾಲಿನಲ್ಲಿ ಕಾಯುವ ಪ್ರಸಂಗವೂ ಇದೆ. ಮಾತೆಲ್ಲ ಇಂಗ್ಲಿಷ್, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ವಾರಕ್ಕೆ, ಕರೆಂಟ್ ಹೋಗಿ ರೇಗಾಡುತ್ತಿದ್ದ ಮಾವನವರ ಹೊಟ್ಟೆ ಮೇಲೆ ಕೈಯಿಟ್ಟು, “ತಾತ, ಉಸಿರು ತಗೋ” ಅಂದಳು! ಆದರೆ ಪಾರ್ಕಿನಲ್ಲಿ ಅದೇ ಹಳೇ ಕಥೆ. ಟ್ಯಾಬಿನಲ್ಲಿ ಕಾಯುವುದು ಮಾನ್‌ಸ್ಟರ್, ಇವಳಲ್ಲ ಅಲ್ವಾ?

ಸ್ವೀಡನ್ನಿನ ಟೋಕಾ ಬೋಕಾ ಕಂಪನಿಯವರು 2011ರಲ್ಲಿ ತಂದ ‘ಟೋಕಾ ಟೀ ಪಾರ್ಟಿ’ ಆ್ಯಪ್ ಇದಕ್ಕೆ ಪೂರ್ತಿ ಬೇರೆ. ಟ್ಯಾಬನ್ನು ನೆಲದ ಮೇಲೆ ಮಲಗಿಸಿದರೆ ಅದೇ ಮೇಜು. ಮೇಜಿಗೆ ಹಾಸುವ ಬಟ್ಟೆ, ತಟ್ಟೆ, ಕೇಕ್ ಆರಿಸಿ ಸುತ್ತ ಕೂರಬೇಕು. ಪಾಯಿಂಟ್ ಇಲ್ಲ, ಸೋಲು ಗೆಲುವು ಇಲ್ಲ. ಪಕ್ಕದ ಮನೆ ಹುಡುಗನನ್ನು ಕರೆದೆವು. ಇವಳು ಕೇಕೆಲ್ಲ ತಾನೇ ಆರಿಸಿ, ತಾನೇ ಮುಟ್ಟಿ ತಿಂದು ಮುಗಿಸಿದಳು. “ನಂಗ್ಯಾವ್ದು?” ಅಂದ ಅವನು. ಉತ್ತರ ಬರಲಿಲ್ಲ, ಎದ್ದು ಹೋದ. ನಾನು ಸುಮ್ನೆ ನೋಡುತ್ತಿದ್ದೆ. ಒಬ್ಬಳೇ ಇನ್ನೊಂದು ಸಲ ಮೇಜು ಹಾಕಿದಳು, ಜ್ಯೂಸ್ ಚೆಲ್ಲಿದಳು, ಬೇಜಾರಾಗಿ ಬಿಟ್ಟಳು. ಮಾರನೇ ದಿನ ಅವನಿಗೆ ಬಾಗಿಲಲ್ಲೇ ಹೇಳಿದಳು: “ಪಿಂಕ್ ಕೇಕ್ ನಿಂದು.” ಆ್ಯಪ್ ಅವಳಿಗೆ ಏನೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದು ಎದ್ದು ಹೋದ ಹುಡುಗ. ದೊಡ್ಡವರು ಹತ್ತಿರದಲ್ಲಿರಬೇಕು, ಇಲ್ಲದಿದ್ದರೆ ಟ್ಯಾಬಿಗೇ ಕಿತ್ತಾಟ.

ನಡುವೆ ಸ್ಟಾರ್ ಕೊಡುವ ಇನ್ನೊಂದು ಆ್ಯಪನ್ನು ದುಡ್ಡು ಕೊಟ್ಟು ತಂದಿದ್ದೆವು. ಹೆಸರು ಬೇಡ. ಮುಖ ನೋಡಿ ಸಿಟ್ಟೋ ಖುಷಿಯೋ ಹೇಳಬೇಕಿತ್ತು. ಅವಳು ಸ್ಟಾರ್ ಎಣಿಸುವುದನ್ನು ಚೆನ್ನಾಗಿ ಕಲಿತಳು.

ಕೊನೆಗೆ ನಾವೇ ಪವರ್‌ಪಾಯಿಂಟ್‌ನಲ್ಲಿ ಒಂದು ಕಥೆ ಮಾಡಿದೆವು. ಆಟಿಸಂ ಇರುವ ಮಕ್ಕಳಿಗಾಗಿ ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1991ರ ಹೊತ್ತಿಗೆ ರೂಪಿಸಿದ ‘ಸೋಶಿಯಲ್ ಸ್ಟೋರಿ’ಯಿಂದ ಹೊಳೆದದ್ದು: ಮುಂದೆ ಎದುರಾಗುವ ಸಂದರ್ಭವನ್ನು ಮಗುವಿಗೆ ಪುಟ್ಟ ಪುಟ್ಟ ವಾಕ್ಯಗಳಲ್ಲಿ ಮೊದಲೇ ಹೇಳುವುದು. ನಮ್ಮದೇ ಪಾರ್ಕಿನ ಫೋಟೋ, ನನ್ನ ದನಿ, 8 ಸ್ಲೈಡ್. ‘ಕಾಯುತ್ತೇನೆ’, ‘ತಳ್ಳುತ್ತೇನೆ’ ಅಂತ ಎರಡು ಬಟನ್ ನಾವು ಸೇರಿಸಿದ್ದು. ‘ತಳ್ಳುತ್ತೇನೆ’ ಒತ್ತಿದರೆ ಅವಳಪ್ಪ ಅಳುವ ಸದ್ದು. ಅದೇ ತಪ್ಪಾಯಿತು. ಆ ಅಳು ಕೇಳಲೆಂದೇ ಹತ್ತು ಸಲ ಒತ್ತಿದಳು. ಅಳು ತೆಗೆದ ಮೇಲೆ ಸರಿಹೋಯಿತು. ಪಾರ್ಕಿಗೆ ಹೊರಡುವ ಮುಂಚೆ ಒಮ್ಮೆ ನೋಡುವುದು, ಅಲ್ಲಿ ಹೋಗಿ “ಈ ಅಕ್ಕ, ಆಮೇಲೆ ಈ ಅಣ್ಣ, ಆಮೇಲೆ ನಾನು” ಅಂತ ಎಣಿಸುವುದು.

ಒಂದೇ ತೊಂದರೆಗೆ ಮದ್ದು ಬೇಕಿದ್ದರೆ ನನ್ನ ಓಟು ಈ ಮನೆಯ ಸ್ಲೈಡಿಗೇ. ಜೊತೆಗೆ ಇನ್ನೊಂದು ಮಗು ಇದ್ದರೆ ಟೀ ಪಾರ್ಟಿ. ಸಿಟ್ಟಿನ ಮಕ್ಕಳಿಗೆ, ಅಜ್ಜ ತಾತಂದಿರಿಗೂ, ಮಾನ್‌ಸ್ಟರ್.

ಮೊನ್ನೆ ಇಬ್ಬರ ಹಿಂದೆ ಸುಮ್ಮನೆ ನಿಂತಳು. ಮಧ್ಯೆ ನುಗ್ಗಿದ ಮೂರನೆಯವನನ್ನು ಮಾತ್ರ ತಳ್ಳಿದಳು. ಆ ಸ್ಲೈಡ್ ನಾವಿನ್ನೂ ಮಾಡಿಲ್ಲ.